ದಿಡ್ಡಿಮನಿ ಖಾಜಾಸಾಬ

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಟಾಂಗಾಗಳ ಗಾಲಿ ರಿಪೇರಿ ಮಾಡುತ್ತಿದ್ದ ಖಾಜಾಸಾಬ ತನ್ನ ಅಂಗಡಿಯ ಮೇಲೆ ‘ಕಿಲ್ಲೇದಾರ’ ಎಂದು ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದ. ಕೋಟೆ ಆಳುವವರ ಹೆಸರು ಈ ಗಾಲಿ ಕೆಲಸದವನಿಗೆ ಎಲ್ಲಿಂದ ಬಂತೆಂದು ಹುಬ್ಬಳ್ಳಿಯಲ್ಲಿ ಯಾರೂ ಕೇಳಲಿಲ್ಲ. ಕೇಳುವ ಪುರುಸೊತ್ತು ಆ ಊರಿಗೆ ಯಾವತ್ತಿತ್ತು ಬಿಡಿ. ಅದನ್ನು ನೆಚ್ಚಿಕೊಂಡೇ ಅವನು ಅಲ್ಲಿಗೆ ಬಂದದ್ದು.

ಹುಟ್ಟಿನಿಂದ ಅವನು ದಿಡ್ಡಿಮನಿ. ಧಾರವಾಡದಾಚೆ ಅವನ ಹಳ್ಳಿಯಲ್ಲೊಂದು ಹಾಳು ಕೋಟೆ. ಮುಂದೆ ಆನೆ ಹೋಗುವಂಥ ಹೆಬ್ಬಾಗಿಲು. ಹಿಂದೆ, ಬುರುಜಿನ ಮರೆಯಲ್ಲಿ, ಹೊರಗಿನವರ ಕಣ್ಣಿಗೆ ಬೀಳದ ಹಾಗೆ ಒಂದು ದಿಡ್ಡಿ ಬಾಗಿಲು. ಬಗ್ಗಿ ಹೊರಬಿದ್ದರೆ ನೇರ ಕಂದಕ. ಅದನ್ನು ಕಾಯುವ ಕೆಲಸ ಖಾಜಾಸಾಬನ ಮನೆತನದ್ದು, ಅದರಿಂದಲೇ ಆ ಅಡ್ಡಹೆಸರು. ಹಿಂದೊಮ್ಮೆ ಕೋಟೆ ವೈರಿಯ ಪಾಲಾದಾಗ ಇವನ ಮುತ್ತಜ್ಜನೇ ದಿಡ್ಡಿ ತೆಗೆದು ವೈರಿಯನ್ನು ಒಳಗೆ ಬಿಟ್ಟನೆಂದು ಊರು ಹೇಳುತ್ತಿತ್ತು. “ದಿಡ್ಡಿ ತಗದವ್ರು ಬಂದ್ರೋ!” ಎಂದು ಹುಡುಗರು ಕೂಗಿದರೆ ಖಾಜಾಸಾಬನಿಗೆ ಭೂಮಿಗಿಳಿದು ಹೋದಂತಾಗುತ್ತಿತ್ತು. ಮುತ್ತಜ್ಜ ದಿಡ್ಡಿ ತೆಗೆದದ್ದು ಹೆಂಗಸರು ಮಕ್ಕಳನ್ನು ಪಾರು ಮಾಡಲಿಕ್ಕೆ ಎಂದು ಅಪ್ಪ ಸಾಯುವ ತನಕ ಹೇಳಿದ. ಮಗ ನಂಬಲಿಲ್ಲ. ಯಾವ ಅಪ್ಪ ತಾನೇ ತನ್ನ ಹಿರಿಯರನ್ನು ದ್ರೋಹಿಗಳೆಂದಾನು?

ಉಪ್ಪಿನ ಸತ್ಯಾಗ್ರಹದ ಮರುವರ್ಷ ಮಗಳು ಅಬೀದಾಳಿಗೆ ಧಾರವಾಡದಿಂದ ಒಂದು ಸಂಬಂಧ ಬಂತು. ಹುಡುಗ ಒಳ್ಳೆಯವನು, ಅಬೀದಾಳ ಮನಸ್ಸಿಗೂ ಬಂದಿದ್ದ. ಹುಡುಗನ ಅಜ್ಜ, ಬಳೆ ವ್ಯಾಪಾರಿ ಹಜರತಅಲಿ, ಮಾತು ಮುಗಿಸಲು ತಾನೇ ಬರುವವನಿದ್ದ. ಖಾಜಾಸಾಬ ತಾಯಿ ರಾಜಬಿಗೆ ಮೊದಲೇ ತಾಕೀತು ಮಾಡಿದ: “ಯಾರರೇ ಕೇಳಿದ್ರ ಕಿಲ್ಲೇದಾರರು ಅನ್ನಮ್ಮಾ. ದಿಡ್ಡಿ ಮಾತ ಎತ್ತಬ್ಯಾಡ.”

ಚಹಾ ಕುಡಿಯುತ್ತ ಹಜರತಅಲಿ ಮೂಲ ಊರು ಯಾವುದೆಂದು ಕೇಳಿದ. ಖಾಜಾಸಾಬ ಎದೆಯುಬ್ಬಿಸಿ ಹೇಳಿದ. ಮುದುಕ ಚಹಾದ ಬಸಿ ಕೆಳಗಿಟ್ಟ.

“ಆ ಊರಿನ ಕಿಲ್ಲೇದಾರರೇನ್ರಿ? ನಮ್ಮ ಹಿರ್ಯಾರೂ ಅದ ಕ್ವಾಟ್ಯಾಗ ಇದ್ದವರು. ಕಿಲ್ಲೇದಾರ ರೊಕ್ಕಾ ತಿಂದು ಹೆಬ್ಬಾಗಲಾ ತಗದಾ. ನಮ್ಮ ಮುತ್ತಜ್ಜಿನ್ನ, ಕೂಸುಗಳನ್ನ ದಿಡ್ಡ್ಯಾಗಿಂದ ದಾಟಿಸಿ, ತಾನು ಬಾಗಲದಾಗ ನಿಂತು ಸತ್ತಾಂವ ದಿಡ್ಡಿ ಕಾಯೋ ಮನಷ್ಯಾ. ಇವತ್ತಿಗೂ ನಮ್ಮ ಮನ್ಯಾಗ ಅವನ ಹೆಸರಿಲೆ ಫಾತಿಹಾ ಓದಸ್ತೇವಿ. ಅವನ ಮಂದಿ ಎಲ್ಲೆ ಅದಾರೋ ಏನೋ, ಸಿಕ್ಕಿದ್ರ ಕಾಲ ಹಿಡೀತಿದ್ದೆ.”

ನಾವೇ ಅವರು ಎಂದು ಖಾಜಾಸಾಬ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಹಾಗನ್ನಬೇಕಾದರೆ ಈವರೆಗೆ ಹೇಳಿದ್ದೆಲ್ಲ ಸುಳ್ಳೆಂದು ಒಪ್ಪಬೇಕು. ಸುಳ್ಳನೆಂದು ತಾನು ತಿಳಿದಿದ್ದ ಅಪ್ಪ ನೆನಪಾಗಿ ಅವನು ತಲೆ ತಗ್ಗಿಸಿ ಕೂತುಬಿಟ್ಟ.

ಮುದುಕ ಒಳಮನೆಯ ಬಾಗಿಲ ಪರದೆಯತ್ತ ತಿರುಗಿದ. “ಅಮ್ಮಾ, ನೀವರೇ ಹೇಳ್ರಿ. ಖರೇನ ಕಿಲ್ಲೇದಾರರ ಮಂದಿ ಏನು?”

ಪರದೆಯ ಹಿಂದೆ ರಾಜಬಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗಂಡನ ಮಾತು ನಿಜವೆಂದು ಬೇರೆಯವರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಮಗನೇ ಬಾಯಿ ಬಿಟ್ಟಾನೆಂದು ತುಸು ಹೊತ್ತು ಕಾದಳು. ಆಮೇಲೆ “ಹೌದ್ರಿ,” ಎಂದಳು.

ಹಜರತಅಲಿ ಎದ್ದ. “ಹುಡುಗಿ ಬಂಗಾರದಂಥಾಕಿ. ಆದ್ರ ಆ ಮನಿ ಜೋಡಿ ಬೀಗತನಾ ನಮ್ಮ ಕಡಿಂದ ಆಗೂದಿಲ್ರಿ.”

ಖಾಜಾಸಾಬ ಒಳಗೆ ಧಾವಿಸಿದ. “ಯಾಕ ಹಂಗಂದಿ ಅಮ್ಮಾ?”

“ಮಂದಿ ಮುಂದ ನನ್ನ ಮಗನ್ನ ಸುಳ್ಳಾ ಮಾಡ್ಲೇನು?” ಎಂದಳು ರಾಜಬಿ. “ಹೇಳೂದಿದ್ರ ನೀ ಹೇಳಬೇಕಿತ್ತು.”

ಅಡುಗೆಮನೆಯ ಬಾಗಿಲಲ್ಲಿ ಅಬೀದಾ ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ಅವನಿಗಾಗಲಿಲ್ಲ. ಬರಿಗಾಲಲ್ಲೇ ಓಣಿಗೆ ಓಡಿ, ಮುದುಕ ಹತ್ತಿ ಹೊರಟಿದ್ದ ಟಾಂಗಾವನ್ನು ತಡೆದ.

“ಸಾಹೇಬರ, ನಾವು ದಿಡ್ಡಿಮನಿಯವರ್ರಿ! ಖುದಾನ ಆಣಿ, ನಾವ ದಿಡ್ಡಿಮನಿಯವರು!”

ಅಕ್ಕಪಕ್ಕದ ಅಂಗಡಿಯವರೆಲ್ಲ ಹೊರಗೆ ಬಂದು ನೋಡಿದರು. ಹಜರತಅಲಿಗೆ ಸಿಟ್ಟು ಬರಲಿಲ್ಲ, ಕನಿಕರ ಬಂತು. ಬಗ್ಗಿ ಅವನ ಹೆಗಲ ಮೇಲೆ ಕೈಯಿಟ್ಟ.

“ಮಗಳ ಲಗ್ನದ ಸಲುವಾಗಿ ಅಪ್ಪನ ಹೆಸರ ಬದಲಿ ಮಾಡಬಾರದು, ತಮ್ಮಾ,” ಎಂದು ಹೇಳಿ, ಟಾಂಗಾ ಬಿಡಲು ಸನ್ನೆ ಮಾಡಿದ.