ಅರಳಿ ಎಲೆಯ ದಿಂಬು

ಆಗೆಲ್ಲ ನಮ್ಮ ಕಡೆ ವರ್ಷಗಳಿಗೆ ಅಂಕಿ ಇರಲಿಲ್ಲ. ಸಿಡುಬಿನ ಅಮ್ಮ ಬಂದ ವರ್ಷ, ಆನೆ ನುಗ್ಗಿದ ವರ್ಷ, ರಾಗಿ ಕಾಳು ಕಟ್ಟದ ವರ್ಷ ಎಂದು ಹೇಳಿದರೆ ಎಲ್ಲರಿಗೂ ಗೊತ್ತಾಗುತ್ತಿತ್ತು. ನಾನು ಈಗ ಬರೆಯುತ್ತಿರುವುದು ಮೆಟ್ಟೂರಿನ ಅಣೆಯಲ್ಲಿ ಮೊದಲ ಸಲ ನೀರು ನಿಲ್ಲಿಸಿದ ಕಾಲದ ಮಾತು. ನನಗೆ ಒಂಬತ್ತೋ ಹತ್ತೋ ಇರಬೇಕು.

ಕಾವೇರಿಯ ದಡದಲ್ಲಿದ್ದ ನಮ್ಮ ಹಳ್ಳಿ ನೀರಿಗೆ ಹೋಯಿತು. ಅಪ್ಪ ಮನೆಯ ತೊಲೆ, ಬಾಗಿಲು, ಹೆಂಚು ಎಲ್ಲ ಬಿಚ್ಚಿ ಗಾಡಿಗೆ ಹೇರಿಕೊಂಡು ತಮಿಳರ ಊರಾದ ಮೇಚೇರಿಗೆ ಬಂದರು. ನಾವು ನೇಯುವ ಜನ. ನಮ್ಮದು ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯಬೇಕು. ಹಳ್ಳಿಯ ಮೆಕ್ಕಲು ಮಣ್ಣಿನಲ್ಲಿ ಅರ್ಧ ದಿನಕ್ಕೆ ಮುಗಿಯುತ್ತಿದ್ದ ಗುಂಡಿಯನ್ನು ಮೇಚೇರಿಯ ಕಲ್ಲುನೆಲದಲ್ಲಿ ತೋಡುವಷ್ಟರಲ್ಲಿ ಅಪ್ಪನ ಅಂಗೈಯೆಲ್ಲ ಬೊಬ್ಬೆ ಬಂತು. ಕೊನೆಗೂ ಮಗ್ಗ ಕೂತಿತು. ಹಾಸುನೂಲಿಗೆ ಬಳಿದ ಗಂಜಿಯ ಹುಳಿವಾಸನೆ ಹೊಸ ಮನೆಯಲ್ಲೂ ಹರಡಿತು. ಆ ವಾಸನೆ ಮೂಗಿಗೆ ಬಡಿದ ದಿನ ನನಗೆ ಇದೂ ನಮ್ಮ ಮನೆಯೇ ಅನ್ನಿಸಿತು.

ಅಜ್ಜಿಗೆ ಮಾತ್ರ ಅನ್ನಿಸಲಿಲ್ಲ. ಅಪ್ಪನ ಅವ್ವ ಅವಳು. ಹಗಲೆಲ್ಲ ಗೋಡೆಗೆ ಒರಗಿ ರಾಟೆ ತಿರುಗಿಸಿ ಲಾಳಿಗೆ ಬೇಕಾದ ನೂಲು ಸುತ್ತುವಳು, ಹೊಸ್ತಿಲು ದಾಟುತ್ತಿರಲಿಲ್ಲ. “ಇದು ನನ್ನೂರಲ್ಲ. ನಾನ್ಯಾಕೆ ಈ ಬೀದಿ ನೋಡ್ಲಿ?” ಎನ್ನುವಳು. ಅದಕ್ಕಿಂತ ದೊಡ್ಡ ಸಂಗತಿಯೆಂದರೆ, ಗಾಡಿ ಇಳಿದ ದಿನದಿಂದ ಅವಳು ನಮ್ಮವ್ವನೊಡನೆ ಮಾತು ಬಿಟ್ಟಿದ್ದಳು.

ಕಾರಣ ಒಂದು ದಿಂಬು. ನಮ್ಮ ತಾತ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು. ಅವರು ಕೊನೆಯ ದಿನಗಳಲ್ಲಿ ತಲೆಯಿಟ್ಟು ಮಲಗಿದ್ದ ಬೂರುಗದ ಹತ್ತಿಯ ದಿಂಬನ್ನು ಅಜ್ಜಿ ಹೊರಗೆ ಹಾಕಲು ಬಿಟ್ಟಿರಲಿಲ್ಲ. ಸತ್ತವರ ಹಾಸಿಗೆ ಮನೆಯಲ್ಲಿ ಇಡಬಾರದೆಂದು ಊರವರೆಲ್ಲ ಹೇಳಿದರೂ ಕೇಳದೆ ತಾನೇ ಅದರ ಮೇಲೆ ಮಲಗುತ್ತಿದ್ದಳು. ಹಳ್ಳಿ ಬಿಡುವಾಗ ಸಾಮಾನು ಕಟ್ಟಿದವಳು ಅವ್ವ. ಮೇಚೇರಿಯಲ್ಲಿ ಗಂಟುಗಳನ್ನು ಬಿಚ್ಚಿದಾಗ ದಿಂಬು ಇರಲಿಲ್ಲ. “ಜಗುಲಿ ಮೇಲೆ ಇಟ್ಟಿದ್ದೆ, ಗಾಡಿಗೆ ಆಕೋದು ಮರ್ತೋಯ್ತು” ಎಂದಳು ಅವ್ವ. ಅಷ್ಟರಲ್ಲಿ ನೀರು ಜಗುಲಿಯ ಮಟ್ಟಕ್ಕೆ ಬಂದಾಗಿತ್ತು. ಅಜ್ಜಿ ಅವಳ ಮುಖವನ್ನೇ ನೋಡುತ್ತ ಕೂತಿದ್ದು, ಎದ್ದು ಹೋದಳು. ಅಲ್ಲಿಂದ ಮಾತಿಲ್ಲ.

ಮನೆಯೆಂದ ಮೇಲೆ ಮಾತಿಲ್ಲದೆ ಆಗುತ್ತದೆಯೇ? ಮಾತು ನನ್ನ ಮೂಲಕ ಓಡಾಡತೊಡಗಿತು.

“ಗೌರೀ, ನಿಮ್ಮವ್ವಂಗೆ ಯೋಳು, ಸಾರ್ಗೆ ಉಪ್ಪು ಜಾಸ್ತಿಯಾಗೈತೆ.”

ಅವ್ವ ಒಲೆಯ ಮುಂದೆ ಕೂತಿರುತ್ತಿದ್ದಳು, ಅಜ್ಜಿ ಕೈಚಾಚಿದರೆ ಸಿಗುವಷ್ಟು ದೂರದಲ್ಲಿ.

“ಗೌರೀ, ನಿಮ್ಮಜ್ಜಿಗೆ ಯೋಳು, ಒಸಿ ಬಿಸ್ನೀರು ಉಯ್ಕೊಡ್ತೀನಿ ಅಂತ.”

ಒಂದು ಸಲ “ಕೇಳಿಸ್ತಲ್ಲಜ್ಜಿ” ಎಂದು ಸುಮ್ಮನಾದೆ. ನೆತ್ತಿಯ ಮೇಲೆ ಗೆಣ್ಣಿನ ಪೆಟ್ಟು ಬಿತ್ತು. ಆಮೇಲಿಂದ ಆ ಕಡೆ ಈ ಕಡೆ ಮುಖ ತಿರುಗಿಸಿ ಎಲ್ಲವನ್ನೂ ಚಾಚೂ ತಪ್ಪದೆ ಹೇಳುತ್ತಿದ್ದೆ. ನಡುವೆ ಎರಡು ಸಿಹಿ ಮಾತು ಸೇರಿಸಿ ನೋಡಿದೆ. ಇಬ್ಬರಿಗೂ ಮೊದಲೇ ಕೇಳಿಸಿರುತ್ತಿದ್ದ ಕಾರಣ ಅದು ನಡೆಯಲಿಲ್ಲ. ಅಪ್ಪ ಗುಂಡಿಯಲ್ಲಿ ತಲೆ ತಗ್ಗಿಸಿ ಲಾಳಿ ಎಸೆಯುತ್ತಿದ್ದರು. ಅವರು ತಲೆ ಎತ್ತಿದ್ದನ್ನು ನಾನು ನೋಡಲಿಲ್ಲ.

ಅವ್ವ ಬಸುರಿ. ನನ್ನ ಬೆನ್ನಿಗೆ ಹುಟ್ಟಿದ ಎರಡು ಮಕ್ಕಳು ಹಾಲು ಕುಡಿಯುವಾಗಲೇ ಹೋಗಿದ್ದವು. ಈ ಸಲ ಅವಳು ನಗುವುದನ್ನೇ ಮರೆತಿದ್ದಳು. ಬಿಂದಿಗೆ ಇಳಿಸಿ ಸೊಂಟ ಹಿಡಿದು ನಿಂತಾಗ ಅಜ್ಜಿಯ ಕಡೆ ಒಮ್ಮೆ ನೋಡುವಳು. ಅಜ್ಜಿ ರಾಟೆಯನ್ನು ಇನ್ನೂ ಜೋರಾಗಿ ತಿರುಗಿಸುವಳು.

ಪಕ್ಕದ ಮನೆಯಲ್ಲಿ ತಮಿಳು ಮಾತಾಡುವ ಟೀಚರಮ್ಮ ಒಬ್ಬರಿದ್ದರು. ಸಂಜೆ ಬೀದಿಯ ಹುಡುಗಿಯರನ್ನು ಕೂರಿಸಿಕೊಂಡು ಕೊಕ್ಕೆ ಸೂಜಿಯಲ್ಲಿ ನೂಲು ಹೆಣೆಯುವುದನ್ನು ಕಲಿಸುತ್ತಿದ್ದರು. ನನ್ನನ್ನು ‘ಕನ್ನಡತ್ತಿ’ ಎಂದು ಕರೆದು ಐದು ಕಲ್ಲಿನ ಆಟಕ್ಕೆ ಸೇರಿಸದ ಹುಡುಗಿಯರು ಅಲ್ಲಿ ಪಕ್ಕಕ್ಕೆ ಸರಿದು ಜಾಗ ಕೊಟ್ಟರು. ಟೀಚರಮ್ಮನ ಬಳಿ ಸೂಜಿ ಚುಚ್ಚಿಡುವ ಅಂಗೈಯಗಲದ ಕೆಂಪು ದಿಂಬೊಂದಿತ್ತು. ಅದನ್ನು ನೋಡಿ ನಾನು ಹಿಗ್ಗಿ, “ಅರಸ ಇಲೈ!” ಎಂದು ಕೂಗಿದೆ. ನಮ್ಮೂರ ಕಟ್ಟೆಯ ಅರಳಿ ಮರದ ಎಲೆಯಂತೆಯೇ ಇತ್ತು ಅದು.

ಅವರು ಅಲ್ಲವೆಂದು ತಲೆಯಾಡಿಸಿ ನಕ್ಕರು. “ಇಲ್ಲೆ ಕಣ್ಣು, ಇದು ಇದಯಂ” ಎಂದು ತಮ್ಮ ಎದೆಯ ಮೇಲೆ ಕೈಯಿಟ್ಟು ತೋರಿಸಿದರು. ಹೃದಯಕ್ಕೆ ಅಂಥ ಆಕಾರವಿದೆಯೆಂದು ನಾನು ಕೇಳಿದ್ದು ಅವತ್ತೇ. ನಂಬಿಕೆ ಬರಲಿಲ್ಲ. ಆದರೆ ಅಜ್ಜಿಗೆ ಅಂಥದೇ ಒಂದು ದೊಡ್ಡ ದಿಂಬು ಮಾಡಿಕೊಡಬೇಕೆಂಬ ಯೋಚನೆ ಮಾತ್ರ ಗಟ್ಟಿಯಾಗಿ ಕೂತಿತು.

ಅವ್ವ ಅಪ್ಪ ಇಬ್ಬರಿಗೂ ಗುಟ್ಟಾಗಿ ಹೇಳಿದೆ. ಅಜ್ಜಿಗೆ ಮಾತ್ರ ಅರಳಿ ಎಲೆಯ ದಿಂಬೆಂದಷ್ಟೇ ಹೇಳಿದೆ, ಯಾರಿಗೆಂದು ಹೇಳಲಿಲ್ಲ. ಅಪ್ಪ ಮುರಿದ ಕೊಡೆಯ ಕಡ್ಡಿಯೊಂದನ್ನು ಕಲ್ಲಿಗೆ ಉಜ್ಜಿ, ತುದಿಗೆ ಕೊಕ್ಕೆ ಕೊರೆದು ಕೊಟ್ಟರು. ನೂಲಿಗೆ ನಮ್ಮಲ್ಲಿ ಬರವೇ? ಸೀರೆ ಮುಗಿದು ಮಗ್ಗದಿಂದ ಕೊಯ್ದಾಗ ಗೇಣುದ್ದದ ತುದಿಗಳು ಉಳಿಯುತ್ತಿದ್ದವು: ಅಂಚಿನ ಕೆಂಪು, ಅರಿಶಿನ, ಮಾವಿನ ಚಿಗುರಿನ ಬಣ್ಣ, ಕಪ್ಪು. ಬುಟ್ಟಿ ತುಂಬ ಇದ್ದವು. ನಾಲ್ಕಾರು ಎಳೆ ಸೇರಿಸಿ ಗಂಟು ಹಾಕುತ್ತ ಹೆಣೆಯಲು ಕೂತೆ. ಕೆಳಗಿನ ಚೂಪು ತುದಿಯಿಂದ ಶುರು ಮಾಡಿ, ಸಾಲು ಸಾಲಿಗೂ ಎರಡೂ ಕಡೆ ಹೆಣಿಗೆಯ ಒಂದೊಂದು ಕಣ್ಣು ಹೆಚ್ಚಿಸುತ್ತ ಮೇಲೆ ಬರಬೇಕು. ತಲೆಯಲ್ಲಿ ಎರಡಾಗಿ ಒಡೆದು ಎರಡು ದುಂಡು ಭುಜ. ಕೇಳಲು ಸುಲಭ. ನನ್ನದು ನಾಲ್ಕು ದಿನಕ್ಕೆ ಗಂಟುಗಂಟಾಗಿ, ಒಂದು ಭುಜ ಇಳಿದು, ಹಲಸಿನ ಸೊಳೆಯ ಹಾಗಾಯಿತು.

ಅಜ್ಜಿ ಮೂಲೆಯಿಂದ ನೋಡುತ್ತಿದ್ದಳು. “ಇಷ್ಟೊಂದು ಗಂಟಾ? ತಲೆ ಇಟ್ರೆ ಕಲ್ಲಿನ ಮ್ಯಾಲೆ ಇಟ್ಟಂಗಿರ್ತೈತೆ. ಯಾರಿಗಾದ್ರೂ ಬೂದಿ ಮುಟ್ಟಿ ಒಸೆಯೋದು ಕಲಿಸು ಅಂತ ಯೋಳು.”

ಮನೆಯಲ್ಲಿ ‘ಯಾರಾದರೂ’ ಎಂದರೆ ಒಬ್ಬಳೇ. ಅವ್ವ ಬಂದು ನನ್ನ ಪಕ್ಕ ಕೂತಳು. ಒಲೆಯ ಬೂದಿ ಬೆರಳಿಗೆ ತಾಗಿಸಿಕೊಂಡು ಎರಡು ತುದಿಗಳನ್ನು ಒಂದರ ಮೇಲೊಂದಿಟ್ಟು ಹೊಸೆದಳು. ಗಂಟೇ ಇಲ್ಲ, ಎಳೆದರೆ ಬಿಡುವುದೂ ಇಲ್ಲ. ಮಗ್ಗದಲ್ಲಿ ಹೊಸ ಹಾಸುನೂಲನ್ನು ಹಳೆಯದಕ್ಕೆ ಕೂಡಿಸುವಾಗ ನೇಯುವವರು ಹಾಗೆಯೇ ಮಾಡುವುದು. ನಾನು ಹೆಣೆದದ್ದನ್ನೆಲ್ಲ ಬಿಚ್ಚಿ ನೂಲನ್ನು ಹೊಸೆದು ಕೊಟ್ಟಳು. ಎರಡು ದಿನ ನಾನು ಹೆಣೆಯುವುದನ್ನು ನೋಡಿ, ಮೂರನೆಯ ದಿನ ಕೊಕ್ಕೆಯನ್ನು ತಾನೇ ತೆಗೆದುಕೊಂಡಳು. ಅವಳ ಕೈಗೆ ನೂಲೆಂದರೆ ನೀರು ಕುಡಿದಷ್ಟು ಸಲೀಸು. ಮಧ್ಯಾಹ್ನ ಮುದ್ದೆ ಉಂಡಾದ ಮೇಲೆ ಹೊಟ್ಟೆಯ ಮೇಲೆಯೇ ಅದನ್ನು ಹರವಿಕೊಂಡು ಹೆಣೆಯುತ್ತ ಕೂರುವಳು. ಎಡಗಡೆ ಕೆಂಪು, ಬಲಗಡೆ ಅರಿಶಿನ, ನಡುವೆ ನರದಂತೆ ಕಪ್ಪು ಗೆರೆ.

ಮುಂದಿನ ಮಗ್ಗುಲೂ ಹಿಂದಿನ ಮಗ್ಗುಲೂ ಮುಗಿದು ಸುತ್ತಲೂ ಹೊಲಿಯುವ ಹೊತ್ತಿಗೆ ಅಜ್ಜಿಗೆ ತಡೆಯಲಾಗಲಿಲ್ಲ. ರಾಟೆ ನಿಂತಿತು.

“ಬಾಲ ಎಲ್ಲೇ?”

ಅವಳು ನನ್ನ ಹೆಸರು ಹೇಳಿರಲಿಲ್ಲ. ನಾನು ಅವ್ವನ ಮುಖ ನೋಡಿದೆ, ಅವ್ವ ಕೈಯಲ್ಲಿದ್ದ ಸೂಜಿಯನ್ನು ನೋಡಿದಳು.

“ಅರಳಿ ಎಲೆ ಅಂದ್ಮೇಲೆ ತುದೀಲಿ ಉದ್ದಕ್ಕೆ ಬಾಲ ಇರ್ಬೇಕು. ಬಾಲ ಇಲ್ದಿದ್ರೆ ಅದು ಈಳ್ಯದೆಲೆ.”

“ಬಾಲ ಬುಟ್ರೆ ಚುಚ್ಚಲ್ವಾ?” ಎಂದಳು ಅವ್ವ, ಮೆಲ್ಲಗೆ.

“ಎಲ್ಲಾದ್ರೂ ನೂಲು ಚುಚ್ಚೋದುಂಟಾ? ಎಳೇ ಕೂಸಿನ ತಲೆ ಅಲ್ಲೀಗಂಟ ಬರೋದೇ ಇಲ್ಲ.”

“ಕೂಸಿಗಲ್ಲ ಅತ್ತೆ. ನಿಮ್ ಕುತ್ತಿಗೆಗೆ ಚುಚ್ಚುತ್ತೆ ಅಂದೆ.”

ಮಗ್ಗದ ಸದ್ದು ನಿಂತಿತು. ಅಪ್ಪ ಗುಂಡಿಯಲ್ಲಿ ತಲೆ ಎತ್ತಿದ್ದರು.

“ನಂಗಾ?” ಎಂದಳು ಅಜ್ಜಿ. “ಇದು ಕೂಸಿಗೆ ಅಲ್ವಾ?”

“ನಿಮಗೇಯ. ಗೌರಿ ಸುರು ಮಾಡಿದ್ದೇ ನಿಮಗೆ ಅಂತ.” ಅವ್ವ ಸೂಜಿ ಕೆಳಗಿಟ್ಟಳು. “ಅತ್ತೆ, ನಾನು ಮರೀಲಿಲ್ಲ. ಬೇಕಂತಲೇ ಬುಟ್ಟು ಬಂದೆ. ಆ ದಿಂಬು ಮನೇಲಿದ್ದಾಗ ಎರಡು ಕೂಸು ಓದ್ವು. ಇದೂ ಓಗ್ಬುಟ್ರೆ ಅಂತ ಬಯ ಆಯ್ತು. ಜಗುಲಿ ಮ್ಯಾಲಿಟ್ಟು, ಗಾಡಿ ಏರಿ, ಇಂದಕ್ಕೆ ತಿರುಗಿ ನೋಡ್ಲೇ ಇಲ್ಲ.”

ಇಷ್ಟನ್ನು ಹೇಳಿ ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಜ್ಜಿ ಎದ್ದು ಬಂದಳು. ಹೊಡೆಯುತ್ತಾಳೇನೋ ಎಂದು ನಾನು ನಡುವೆ ಹೋಗಿ ನಿಂತೆ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ ಅವ್ವನ ಎದುರು ಕುಕ್ಕರುಗಾಲಲ್ಲಿ ಕೂತಳು.

“ನಂಗೂ ಬಯ ಇತ್ತು ಕಣೇ” ಎಂದಳು. “ಎರಡ್ನೇದು ಓದಾಗ ನಾನೇ ಎಸ್ದುಬುಡಾನ ಅಂತಿದ್ದೆ. ಕೈ ಬರ್ಲಿಲ್ಲ. ನಿಮ್ಮಾವನ ಒಗೆಸೊಪ್ಪಿನ ವಾಸ್ನೆ ಅದ್ರಲ್ಲಿ ಇನ್ನೂ ಇತ್ತು.” ದಿಂಬಿನ ಅಂಚನ್ನು ಬೆರಳಿನಿಂದ ಸವರಿದಳು. “ಬಾಯಿ ಬುಟ್ಟು ಯೋಳಿದ್ರೆ ನಾನೇ ನನ್ ಕೈಯಾರೆ ಕಾವೇರೀಲಿ ಬುಟ್ಟು ಬತ್ತಿದ್ದೆ. ಮರ್ತೋಯ್ತು ಅಂದ್ಯಲ್ಲ, ಅದು ಸಂಕ್ಟ ಆಯ್ತು. ಅವ್ರ್ನ ಮರೆಯೋವಂಗೆ ಏನಾಗಿತ್ತು ಅಂತ.”

ಆಮೇಲೆ ಇಬ್ಬರೂ ಅತ್ತರು. ಅಪ್ಪ ಲಾಳಿ ಹಿಡಿದು ಕೂತಿದ್ದರು. ಅತ್ತು ಮುಗಿದ ಕೂಡಲೇ ಅಜ್ಜಿ ಮೂಗೊರೆಸಿಕೊಂಡು, “ಆದ್ರೂ ಬಾಲ ಬೇಕು” ಎಂದಳು. “ಬ್ಯಾಡ” ಎಂದಳು ಅವ್ವ. ಅದರ ಮೇಲೆ ಶುರುವಾದ ಜಗಳ ಉಣ್ಣುವ ಹೊತ್ತಾದರೂ ಮುಗಿಯಲಿಲ್ಲ. ತಿಂಗಳುಗಟ್ಟಲೆ ಕೂಡಿಟ್ಟ ಮಾತೆಲ್ಲ, ಉಪ್ಪಿನ ಸಾರಿನಿಂದ ಹಿಡಿದು ಗಾಡಿಯಲ್ಲಿ ಒಡೆದ ಮಡಕೆಯವರೆಗೆ, ಅವತ್ತೇ ಹೊರಬಂತು. ನಾನು ಕೆಲಸವಿಲ್ಲದವಳಂತೆ ಕೂತು ಕೇಳಿದೆ. ಅಷ್ಟು ಸುಖವಾದ ಜಗಳವನ್ನು ನಾನು ಮತ್ತೆ ಕೇಳಿಲ್ಲ.

ಸಂತೆಯ ದಿನ ಅಜ್ಜಿ ಸೀರೆ ಬದಲಾಯಿಸಿ, “ಬಾ ಲೇ ಗೌರಿ, ದಿಂಬಿಗೆ ಅತ್ತಿ ತರಾನ” ಎಂದು ಹೊಸ್ತಿಲು ದಾಟಿದಳು. ಮೇಚೇರಿಯ ಸಂತೆಯೆಂದರೆ ಆಡು ಕುರಿಗಳ ಗದ್ದಲ, ಕಾಲ ಕೆಳಗೆ ಹಿಕ್ಕೆ, ಹುರಿದ ಕಡಲೆಕಾಯಿಯ ಘಮ. ಅದರ ನಡುವೆ ಬೂರುಗದ ಕಾಯಿ ಮಾರುವವನೊಡನೆ ಅವಳು ತನ್ನ ಅರೆಬರೆ ತಮಿಳಿನಲ್ಲಿ ಚೌಕಾಸಿ ಮಾಡಿದಳು. ಒಂದು ಪದ ತಮಿಳು, ಮೂರು ಪದ ಕನ್ನಡ. ಅವನು ನಕ್ಕು ಎರಡು ಕಾಯಿ ಹೆಚ್ಚಿಗೆ ಹಾಕಿದ. ಮನೆಯಲ್ಲಿ ಕಾಯಿ ಒಡೆದಾಗ ಹತ್ತಿ ಹಾರಿ ಎಲ್ಲರ ತಲೆಗೂ ಕೂತಿತು. ಅಪ್ಪನ ಮೀಸೆ ಬೆಳ್ಳಗಾಯಿತು. ಸೀನಿ ಸೀನಿ ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು.

ದಿಂಬಿಗೆ ಕೊನೆಗೆ ಬಾಲ ಬಂತು. ಗಿಡ್ಡ ಬಾಲ, ಹೆಬ್ಬೆರಳಷ್ಟು. ಇಬ್ಬರೂ ಅಷ್ಟಕ್ಕೆ ಒಪ್ಪಿದ್ದರು. ಅಜ್ಜಿ ಅದರ ಮೇಲೆ ಮಲಗಲಿಲ್ಲ. “ಮೊದ್ಲು ಕೂಸು ಮಲಗಲಿ. ಓದವ್ರ ದಿಂಬು ಓಯ್ತು. ಇದ್ರ ಮ್ಯಾಲೆ ಉಟ್ಟಿದ್ದು ಮಲಗಲಿ” ಎಂದು ಎತ್ತಿಟ್ಟಳು.

ತಮ್ಮ ಹುಟ್ಟಿದ. ಹೆರಿಗೆ ಕಷ್ಟದ್ದಾಗಿತ್ತು. ಒಂದು ಹಗಲು ಪೂರ್ತಿ ಅಜ್ಜಿ ಅವ್ವನ ಬೆನ್ನು ಹಿಡಿದು ಕೂತಿದ್ದಳು, ನೀರು ಕುಡಿಯಲೂ ಏಳಲಿಲ್ಲ. ಕೂಸು ಅತ್ತ ಸದ್ದು ಕೇಳಿ ನಾನು ಬಾಗಿಲು ತಳ್ಳಿದಾಗ, ಬೆಳ್ಳುಳ್ಳಿ, ಬೇವು, ಸಾಂಬ್ರಾಣಿ ಹೊಗೆಯ ನಡುವೆ ಕೆಂಪು ಅರಿಶಿನದ ಆ ದಿಂಬಿನ ಎರಡು ಭುಜಗಳ ನಡುವಿನ ತಗ್ಗಿನಲ್ಲಿ ಒಂದು ಪುಟ್ಟ ಕಪ್ಪು ತಲೆ ಸರಿಯಾಗಿ ಕೂತಿತ್ತು.

ಅವನಿಗೆ ತಾತನ ಹೆಸರನ್ನೇ ಇಟ್ಟರು, ರಾಮಲಿಂಗ ಎಂದು. ಗಂಡನ ಹೆಸರನ್ನು ಅಜ್ಜಿ ಹೇಳುವಂತಿಲ್ಲ, ಮಾವನ ಹೆಸರನ್ನು ಅವ್ವ ಹೇಳುವಂತಿಲ್ಲ. ಹೆಸರಿಟ್ಟ ಮರುದಿನವೇ ಇಬ್ಬರಿಗೂ ಕರೆಯಲು ಬಾಯಿಲ್ಲದಂತಾಯಿತು. ಅದಕ್ಕೆ ಅರಳಿ ಎಲೆಯ ಮೇಲೆ ಮಲಗಿದವನೆಂದು ಅಜ್ಜಿ ‘ಅರಳಪ್ಪ’ ಎಂದು ಕರೆದಳು. ಆ ಹೆಸರೇ ನಿಂತಿತು.

ನಾನು ಕಂಡಂತೆ ದಿಂಬು ಏಳೆಂಟು ವರ್ಷ ಬಾಳಿತು. ತಮ್ಮ ಅದರ ಬಾಲವನ್ನು ಚೀಪಿ ಚೀಪಿ ಎಳೆ ಬಿಡಿಸಿದ. ಅವನು ದೊಡ್ಡವನಾದ ಮೇಲೆ ಅಜ್ಜಿಗೆ ಅದರ ಸರದಿ ಬಂತು. ಅಜ್ಜಿಯ ನಂತರ ಅದು ಏನಾಯಿತೆಂದು ನನಗೆ ಗೊತ್ತಿಲ್ಲ. ಅಷ್ಟರಲ್ಲಿ ನಾನು ಮದುವೆಯಾಗಿ ಕೊಳ್ಳೇಗಾಲಕ್ಕೆ ಬಂದಿದ್ದೆ. ಕನ್ನಡದ ಅಕ್ಷರ ಕಲಿತದ್ದು ಇಲ್ಲಿಯೇ, ನಾದಿನಿಯ ಮಕ್ಕಳ ಪಕ್ಕ ಕೂತು.

ಅರಳಪ್ಪ ಹೋದ ವರ್ಷ ತೀರಿಕೊಂಡ. ಮೇಚೇರಿಗೆ ಹೋದೆ. ‘ಅರಳಪ್ಪಾ’ ಎಂದು ನಾನು ಅತ್ತದ್ದನ್ನು ಕೇಳಿ ಅವನ ಮೊಮ್ಮಗಳು, ಕಾಲೇಜು ಓದುವ ಹುಡುಗಿ, ನನ್ನನ್ನು ಅಜ್ಜಿ ಎಂದು ಕರೆದು ತಮಿಳಿನಲ್ಲಿ ಕೇಳಿದಳು: “ಪಾಟ್ಟಿ, ಅರಳಪ್ಪ ಎಂದರೆ ಯಾರು?” ಹಾಗೆ ಕರೆಯುವವರು ಅಲ್ಲಿ ಯಾರೂ ಉಳಿದಿರಲಿಲ್ಲ, ಅವಳಿಗೆ ತಾತನ ಆ ಹೆಸರೇ ಗೊತ್ತಿರಲಿಲ್ಲ. ನಾನು ಈ ಕತೆಯನ್ನೆಲ್ಲ ತಮಿಳಿನಲ್ಲಿ ಹೇಳಿದೆ. ನನಗೆ ತಮಿಳು ಚೆನ್ನಾಗಿಯೇ ಬರುತ್ತದೆ. ಆದರೂ ಅಜ್ಜಿಯ ಮಾತು ಅದರಲ್ಲಿ ಬರೀ ಬೈಗುಳವಾಯಿತು, ಅವ್ವನ ಮಾತು ಬರೀ ಅಳುವಾಯಿತು. ಹುಡುಗಿ ಒಳ್ಳೆಯವಳು, ನನ್ನ ಕೈ ಹಿಡಿದುಕೊಂಡು ಕೊನೆಯವರೆಗೂ ಕೇಳಿದಳು. ಎಲ್ಲಿ ನಗಬೇಕೋ ಅಲ್ಲಿ ಮಾತ್ರ ಅವಳಿಗೆ ನಗು ಬರಲಿಲ್ಲ.

ಕೊಳ್ಳೇಗಾಲದಲ್ಲಿ ಕನ್ನಡಕ್ಕೆ ಕೊರತೆಯಿಲ್ಲ. ಮನೆ ತುಂಬ ಜನ, ಎಲ್ಲರೂ ನನ್ನನ್ನು ಗೌರವದಿಂದ ಮಾತಾಡಿಸುತ್ತಾರೆ. ಆದರೆ ಹಬ್ಬಕ್ಕೊಮ್ಮೆ ಬಸ್ಸಿಳಿದು, ಬಾಗಿಲಲ್ಲೇ ನಿಂತು, “ಅಕ್ಕೋ, ಎಂಗೈದೀಯೇ?” ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದವನು ಅರಳಪ್ಪನೊಬ್ಬನೇ. ಈ ಸಲ ಹಬ್ಬದ ದಿನ ಬಾಗಿಲು ತೆರೆದೇ ಇತ್ತು. ನಾನು ಸುಮಾರು ಹೊತ್ತು ಆ ಕಡೆಗೇ ನೋಡುತ್ತ ಕೂತಿದ್ದೆ.