ಧೂಳಾ, ಅವರದಾ?

ಮೊನ್ನೆ ಬಂಗಾರಪೇಟೆಯ ಪ್ರೆಸ್ಸಿಗೆ ಹೋದಾಗ ಮಿಷನ್ನಿನ ಪಕ್ಕ ಸೀಮೆಎಣ್ಣೆಯಲ್ಲಿ ಅದ್ದಿದ ಬನಿಯನ್ ಬಟ್ಟೆ ಬಿದ್ದಿತ್ತು, ರೋಲರಿನ ಇಂಕು ಒರೆಸಿ ಎಸೆದದ್ದು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಲು ಮುಂದೆ ಹೋಗಲಿಲ್ಲ. ಹಿಂದಿನ ದಿನ ಮೇಷ್ಟ್ರು ತೀರಿಕೊಂಡರೆಂಬ ಸುದ್ದಿ ಬಂದಾಗಲೂ ನನಗೆ ಹೀಗೆ ಆಗಿರಲಿಲ್ಲ. ಸರಿ ಅಂದು ಫೋನಿಟ್ಟು ಮತ್ತೆ ಕೆಲಸಕ್ಕೆ ಕೂತಿದ್ದೆ. ಉತ್ತರಕ್ರಿಯೆಗೆ ಅವರ ಪಟ ನಾನೇ ಮಾಡಿಕೊಡಬೇಕು ಅಂತ ಅವರ ಮನೆಯವರು ಹೇಳಿದ್ದರು. ಆ ಮುಖ ಅವರದೇ ಆಗಿ ಬರಬೇಕು, ನನಗೆ ಬೇಕಿದ್ದದ್ದು ಅಷ್ಟೇ...

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ರಾಬರ್ಟ್‌ಸನ್‌ಪೇಟೆಯಲ್ಲಿ ಇದೇ ಸೀಮೆಎಣ್ಣೆ ವಾಸನೆಯ ಸಣ್ಣ ಪ್ರೆಸ್ಸೊಂದರಲ್ಲಿ ಕಂಪ್ಯೂಟರಿನ ಮುಂದೆ ಕೂತು ಡಿಸೈನ್ ಮಾಡುತ್ತಿದ್ದವರು. ದಾವಣಗೆರೆ ಕಡೆಯವರು. ಹೆಂಡತಿಗೆ ಕೆಜಿಎಫ್‌ನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದು ಗಂಟುಮೂಟೆ ಕಟ್ಟಿಕೊಂಡು ಜೊತೆಗೆ ಬಂದವರು. "ಎಲ್ರೂ ಹೆಂಡ್ತೀನ ಕರ್ಕೊಂಡು ಬರ್ತಾರೆ, ನನ್ನ ಹೆಂಡ್ತಿ ಕರ್ಕೊಂಡು ಬಂದ್ಲು" ಅಂತ ತಾವೇ ನಗುತ್ತಿದ್ದರು. ನಾನು ಕಾಮಸಮುದ್ರದಿಂದ ಬಸ್ಸಿನಲ್ಲಿ ಹೋಗಿ ಅವರ ಬಳಿ ಕಲಿಯುತ್ತಿದ್ದೆ. ಹಸುಗಳ ಹಾಲು ಕರೆದು ಡೈರಿಗೆ ಹಾಕಿ ಬಸ್ ಹಿಡಿಯುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತಿತ್ತು. ಆಗಲೂ ಸುಸ್ತು, ಈಗಲೂ ಸುಸ್ತು. ಆಗ ಪಕ್ಕದಲ್ಲಿ ಅವರಿದ್ದರು.

ಅವರು ಕಲಿಸುತ್ತಿದ್ದ ಸಾಫ್ಟ್‌ವೇರಿನಲ್ಲಿ ಚಿತ್ರಕ್ಕೆ ಬಣ್ಣ ಬಳಿಯುವುದಿಲ್ಲ. ಚುಕ್ಕೆ ಇಟ್ಟು, ಚುಕ್ಕೆಯಿಂದ ಚುಕ್ಕೆಗೆ ಗೆರೆ ಎಳೆದು, ಗೆರೆ ಬಗ್ಗಿಸಿ ಆಕಾರ ತೆಗೆಯಬೇಕು. ಹಾಗೆ ತೆಗೆದ ಆಕಾರವನ್ನು ಗೋಡೆಯಷ್ಟು ಹಿಗ್ಗಿಸಿದರೂ ಒಡೆಯುವುದಿಲ್ಲ. ನಾನು ರಂಗೋಲಿಯ ಅಭ್ಯಾಸಬಲದಿಂದ ಹೆಜ್ಜೆಗೊಂದು ಚುಕ್ಕೆ ಇಡುತ್ತಿದ್ದೆ. "ಕಮ್ಮಿ ಇಡವ್ವ, ಗೆರೆ ತಾನೇ ದಾರಿ ನೋಡ್ಕೊಳ್ತದ" ಅನ್ನುತ್ತಿದ್ದರು. ಸ್ಕ್ಯಾನ್ ಮಾಡಿದ ಹಳೇ ಫೋಟೋ ಬಂದರೆ ಮೊದಲ ಕೆಲಸ ಸ್ವಚ್ಛ ಮಾಡುವುದು. ಬೂಷ್ಟು, ಸೀಲಿನ ಮಸಿ, ಧೂಳು ಎಲ್ಲ ಅಳಿಸಬೇಕು. ಅದರಲ್ಲಿ ಅವರ ಕೈ ಎಷ್ಟು ಪಳಗಿತ್ತೆಂದರೆ ಮಾತಾಡುತ್ತಲೇ ಅಳಿಸಿ ಮುಗಿಸುತ್ತಿದ್ದರು.

ಒಂದು ದಿನ ಚಾಂಪಿಯನ್ ರೀಫ್ಸ್‌ನ ಗಣಿ ಕಾರ್ಮಿಕರ ಲೈನ್ ಮನೆಯಿಂದ ಒಬ್ಬಾಕೆ ಬಂದರು. ಗಂಡ ತೀರಿಕೊಂಡಿದ್ದರು, ಗಣಿ ಮುಚ್ಚುವವರೆಗೂ ಕೆಳಗೆ ದುಡಿದವರು. ಹದಿನಾರನೇ ದಿನದ ಕಾರ್ಯಕ್ಕೆ ಗೋಡೆಗೆ ಪೋಸ್ಟರು, ಬಂಧುಗಳಿಗೆ ಕಾರ್ಡು, ಮನೆಗೊಂದು ದೊಡ್ಡ ಪಟ ಬೇಕಿತ್ತು. ಆಕೆಯ ಬಳಿ ಇದ್ದದ್ದು ಗಣಿಯ ಗುರುತಿನ ಚೀಟಿಯಲ್ಲಿದ್ದ ಹೆಬ್ಬೆರಳಿನಷ್ಟು ಫೋಟೋ ಒಂದೇ. ಹಿಗ್ಗಿಸಿದರೆ ಮುಖವೆಲ್ಲ ಚೌಕ ಚೌಕ. ಮೇಷ್ಟ್ರು ಗೆರೆಯಲ್ಲೇ ಆ ಮುಖವನ್ನು ಹೊಸದಾಗಿ ಬರೆದರು. ಹುಬ್ಬು, ಕೆನ್ನೆಯ ನೆರಳು, ಮೀಸೆ, ಒಂದೊಂದಕ್ಕೂ ಬೇರೆ ಆಕಾರ. ನಾನು ಬಾಯಿ ಬಿಟ್ಟುಕೊಂಡು ನೋಡಿದ್ದೆ. ಕಾರ್ಡುಗಳು ಅಚ್ಚಾಗಿ ಬಂಡಲ್ ಕಟ್ಟಿಟ್ಟ ಮೇಲೆ ಆಕೆ ಒಯ್ಯಲು ಬಂದರು.

ಒಂದು ಕಾರ್ಡು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಮೆಲ್ಲಗೆ ಅಂದರು: "ಇದು ಅವ್ರು ಇಲ್ಲ ಸಾರ್. ಅವ್ರ ಕನ್ನತ್ತಲ್ಲಿ ಕರಿ ಕರಿ ಪುಳ್ಳಿ ಇತ್ತು. ಕೆಳ್ಗೆ ಬ್ಲಾಸ್ಟಿಂಗ್ ಆದಾಗ ಕಲ್ಲು ಚೂರು ಒಳಗೆ ಓಗಿ ಅಂಗೇ ನಿಂತೋಯ್ತು."

ಮೇಷ್ಟ್ರು ಚೀಟಿಯನ್ನು ಬೆಳಕಿಗೆ ಹಿಡಿದರು. ಕೆನ್ನೆಯ ಮೇಲಿದ್ದ ಚುಕ್ಕೆಗಳನ್ನು ಧೂಳೆಂದು ಅಳಿಸಿಬಿಟ್ಟಿದ್ದರು. ದಾವಣಗೆರೆಯವರಿಗೆ ಗಣಿಯ ಮುಖ ಹೇಗೆ ಗೊತ್ತಾಗಬೇಕು? ಹಾಲಿನ ಊರಿನ ನನಗೂ ಗೊತ್ತಿರಲಿಲ್ಲ. ಮೇಷ್ಟ್ರು ಕುರ್ಚಿ ಎಳೆದು ಆಕೆಯನ್ನು ತಮ್ಮ ಪಕ್ಕ ಕೂರಿಸಿಕೊಂಡರು. ಆಕೆ ಪರದೆಯ ಮೇಲೆ ಬೆರಳಿಟ್ಟು ಇಲ್ಲೊಂದು, ಇಲ್ಲೊಂದು ಅಂತ ತೋರಿಸಿದರು. ಇವರು ಅಲ್ಲಲ್ಲೇ ಕಲ್ಲಿನ ಚೂರಿನ ಹಾಗೆ ಅಂಕುಡೊಂಕಾದ ಚುಕ್ಕೆ ಬರೆದರು. ಕಣ್ಣಿನ ಕೆಳಗಿನ ಚುಕ್ಕೆ ಬಿದ್ದಾಗ ಆಕೆ ಬೆರಳು ತೆಗೆದು ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಈಗ ಬಂದ್ರು" ಅಂದರು.

ಕಾರ್ಡುಗಳು ಮತ್ತೆ ಅಚ್ಚಾದವು. ಅಂದಿನಿಂದ ಮೇಷ್ಟ್ರು ಸತ್ತವರ ಮುಖದ ಮೇಲಿನ ಒಂದು ಚುಕ್ಕೆಯನ್ನೂ ಕೇಳದೆ ಮುಟ್ಟಲಿಲ್ಲ. ಯಾರೇ ಬರಲಿ, ಪರದೆ ತಿರುಗಿಸಿ, "ಇದು ಧೂಳಾ, ಅವರದಾ?" ಅಂತ ಒಂದೊಂದನ್ನೂ ಕೇಳುತ್ತಿದ್ದರು. ಕೆಲವರಿಗೆ ಸಿಟ್ಟು ಬರುತ್ತಿತ್ತು. ನನಗೂ ಅದನ್ನೇ ಹೇಳಿಕೊಟ್ಟರು: "ಮುಖ ನಮ್ದಲ್ಲ. ಮನೆಯೋರು ಹೇಳಿದಂಗೆ."

ಬಂಗಾರಪೇಟೆಯಲ್ಲಿ ಅಂಗಡಿ ಇಟ್ಟ ಮೇಲೂ ನಾನು ಹಾಗೇ ಕೇಳುತ್ತೇನೆ. ಕೇಳಿ ಕೇಳಿ ಬೇಸತ್ತಿದ್ದೇನೆ. ಬರುವವರೆಲ್ಲ ಗಡ್ಡಕ್ಕೆ ಬೆಂಕಿ ಬಿದ್ದಾಗ ಬಾವಿ ತೋಡಲು ಬರುವವರು. ಹುಟ್ಟುಹಬ್ಬದ ಫ್ಲೆಕ್ಸಾದರೂ ಸರಿ, ಶ್ರದ್ಧಾಂಜಲಿಯಾದರೂ ಸರಿ, ಒಂದೇ ಮಾತು. ಬೆಳ್ಳಗೆ ಮಾಡಬೇಡಿ ಮೇಡಂ, ಸ್ವಲ್ಪ ಬ್ರೈಟ್ ಮಾಡಿ ಅನ್ನುತ್ತಾರೆ. ಅಳಿಯ ಅಲ್ಲ, ಮಗಳ ಗಂಡ.

ಮೇಷ್ಟ್ರು ಕೊನೆಗೆ ಬಹಳ ನರಳಿದರು. ಡಯಾಲಿಸಿಸ್ಸಿಗೆ ಓಡಾಡಿ ಮುಖ ಕಪ್ಪಿಟ್ಟು ಊದಿಕೊಂಡಿತ್ತು. ಅವರ ಮನೆಯವರು ಕಳಿಸಿದ್ದು ಕಾಯಿಲೆಗೆ ಮೊದಲು ಮೊಬೈಲಿನಲ್ಲಿ ತೆಗೆದ ಫೋಟೋ. ಆ ಮೊಬೈಲು ತಾನಾಗಿಯೇ ಮುಖವನ್ನು ನುಣ್ಣಗೆ ಉಜ್ಜಿಬಿಟ್ಟಿತ್ತು. ಚಿಕ್ಕಂದಿನಲ್ಲಿ ಸಿಡುಬಿನ ಅಮ್ಮ ಬಂದು ಉಳಿದಿದ್ದ ಕುಳಿಗಳಿಲ್ಲ, ಮೂಗಿನ ಮೇಲೆ ಕನ್ನಡಕ ಕೊರೆದ ಗುರುತಿಲ್ಲ, ಹಣೆಯ ಗೆರೆಯಿಲ್ಲ. ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಕೂತೆ. ವರ್ಷಗಟ್ಟಲೆ ಪಕ್ಕದಲ್ಲಿ ಕೂತು ನೋಡಿದ ಮುಖ. ಒಂದೊಂದು ಕುಳಿಯನ್ನೂ ಅದರ ಜಾಗದಲ್ಲಿ ಬರೆದೆ. ಸಂಜೆಯಾಗುವಷ್ಟರಲ್ಲಿ ಮೇಷ್ಟ್ರು ಬಂದರು. ನನ್ನ ಕೈಯಿಂದ ಅಷ್ಟು ಒಳ್ಳೆಯ ಕೆಲಸ ಎಂದೂ ಆಗಿರಲಿಲ್ಲ.

ಅವರ ಮನೆಯವರಿಗೆ ಕಳಿಸಿದೆ. ತುಸು ಹೊತ್ತಿಗೆ ಅವರ ಹೆಂಡತಿಯ ಫೋನ್ ಬಂತು.

"ಇದು ಅವರೇ ಕಣಮ್ಮ. ಬರೆದಿರೋದ್ರಲ್ಲಿ ತಪ್ಪೇನೂ ಇಲ್ಲ..." ಅಂದರು. "ಆದ್ರೂ ನಾನು ಕಳ್ಸಿದ್ದೇ ಇರ್ಲಿ. ಅದ್ರಲ್ಲಿ ಏನೂ ಆಗ್ದೇ ಇರೋರ ಹಂಗೆ ಕಾಣ್ತಾರೆ. ಗೋಡೆ ಮೇಲೆ ದಿನಾ ನೋಡೋಳು ನಾನಲ್ವಾ."

ಆಯ್ತಮ್ಮ ಅಂದೆ. ಕುಳಿ, ಗೆರೆ, ಕನ್ನಡಕದ ಗುರುತು ಎಲ್ಲವನ್ನೂ ಒಟ್ಟಿಗೆ ಆಯ್ದು ಅಳಿಸಿದೆ. ಕೆಳಗಿನ ಹೆಸರಿನ ಅಕ್ಷರಗಳನ್ನು ಪ್ರೆಸ್ಸಿನಲ್ಲಿ ಕೆಡದ ಹಾಗೆ ಗೆರೆಗಳಾಗಿ ಮಾರ್ಪಡಿಸಿ, ಫೈಲು ಕಳಿಸಿದೆ. ಪರದೆಯ ಮೇಲೆ ನುಣ್ಣನೆ ಮುಖದ ಯಾರೋ ಒಬ್ಬರು ಆರೋಗ್ಯವಾಗಿ ಕೂತಿದ್ದರು. ಮೇಷ್ಟ್ರು ಹೋದರೆಂದು ನಾನು ಅತ್ತದ್ದು ಆಗಲೇ.