ನಮ್ಮ ದೇಚಮ್ಮ ಹಾಕಿಸಿದ ಎರಡು ಬೀಗ

ಇವತ್ತು ಸಂಕಷ್ಟಿ. ಉಪವಾಸ.
ಕೊಟ್ಟಿಗೆ ಗುಡಿಸಿ, ಡೇರಿಗೆ ಹಾಲು ಹಾಕಿ ಬಂದು, ದೀಪಕ್ಕೆ ಬತ್ತಿ ಹೊಸೆಯುತ್ತಾ ಕೂತಿದ್ದೆ...
ಫೋನ್ ಬಂತು.
ದೇಚಮ್ಮ ಇಲ್ಲವಂತೆ.
ಹಾರ್ಟ್ ಅಟ್ಯಾಕ್ ಅಂತೆ... ವಿರಾಜಪೇಟೆಯ ಮನೆಯಲ್ಲೇ.
ಸುಳ್ಳು ಅಂದೆ. ಫೋನ್ ಇಟ್ಟು ಅವಳ ನಂಬರಿಗೇ ಮಾಡಿದೆ...
ಅವಳ ತಮ್ಮ ಎತ್ತಿದ. ಬರೀ ಅಳು.
ನಲವತ್ತೂ ತುಂಬಿರಲಿಲ್ಲ ಅವಳಿಗೆ.

ಅವಳನ್ನು ಅರಿಯದವರಿಗೆ ಹೇಳುತ್ತೇನೆ.
ನೆಲ್ಯಹುದಿಕೇರಿ ಕಡೆ ನಾಲ್ಕು ಎಸ್ಟೇಟಿಗೆ ಸೇರಿ ಒಂದೇ ಕ್ಲಿನಿಕ್. ಅಲ್ಲಿ ಚೀಟಿ ಬರೆಯುವವಳು ನಾನು.
ಕಂಪನಿ ನಾಲ್ಕು... ಆದರೆ ಕೆಲಸದವರ ಕಾಯಿಲೆಯ ವಿವರವೆಲ್ಲ ಒಂದೇ ಡೇಟಾಬೇಸಿನಲ್ಲಿ.
ಮೊದಲು ಯಾರು ಬೇಕಾದರೂ ಯಾರದನ್ನು ಬೇಕಾದರೂ ನೋಡಬಹುದಿತ್ತು.
ಒಬ್ಬ ಹೆಂಗಸು, ಹೆಸರು ಬೇಡ, ಪಕ್ಕದ ಎಸ್ಟೇಟಿಗೆ ಕಾಫಿ ಪಿಕ್ಕಿಂಗಿಗೆ ಹೋದಳು. ಹಾಜರಿ ಬರೆಯುವ ರೈಟರ್ ಗೇಟಿನಲ್ಲೇ,
"ನಿಂಗೆ ಟಿಬಿ ಅಲ್ವಾ? ಸ್ಕ್ರೀನಲ್ಲಿ ನೋಡ್ದೆ. ವಾಪಸ್ ಹೋಗು" ಅಂದ. ಎಲ್ಲರ ಮುಂದೆ...
ಅವಳಿಗೆ ವಾಸಿಯಾಗಿ ವರ್ಷವಾಗಿತ್ತು.

ಅದನ್ನು ಸರಿಮಾಡಲು ಬಂದ ಕಂಪ್ಯೂಟರ್ ಇಂಜಿನಿಯರ್ ದೇಚಮ್ಮ. ಸ್ಟೂಲ್ ಎಳೆದುಕೊಂಡು ನನ್ನ ಪಕ್ಕದಲ್ಲೇ ಕೂತಳು.
"ಲಲಿತಕ್ಕ, ನಿಮ್ಮೂರ ದೇವಸ್ಥಾನದ ಹುಂಡಿಗೆ ಬೀಗ ಹೆಂಗೆ?"
"ಎರಡು ಬೀಗ ಕಣವ್ವ. ಒಂದರ ಕೀ ಪೂಜಾರಿ ಹತ್ರ, ಇನ್ನೊಂದು ಊರ ಯಜಮಾನ್ರ ಹತ್ರ."
"ಇಬ್ರಿಗೂ ಜಗಳ ಆದ್ರೆ?"
"ಆಗ ದೇವರ ದುಡ್ಡು ಇನ್ನೂ ಭದ್ರ!"
ಎಷ್ಟು ನಕ್ಕಳು...

ಹಾಗೇ ಮಾಡಿದಳು.
ಆಯಾ ಎಸ್ಟೇಟಿನ ಸ್ಕ್ರೀನಲ್ಲಿ ಅವರವರ ಜನ ಮಾತ್ರ. ರೈಟರಿಗೆ ಕಾಣುವುದು ರಜೆ ಮಾತ್ರ, ಕಾಯಿಲೆಯ ಹೆಸರಲ್ಲ. ಅದು ಡಾಕ್ಟರಿಗೆ, ನರ್ಸಿಗೆ.
ಈ ಕಟ್ಟುಪಾಡು ಬದಲಿಸಬೇಕಾದರೆ ಇಬ್ಬರು ಒಪ್ಪಬೇಕು... ಅವಳು, ಮತ್ತೆ ನಾನು.
"ನಾನ್ಯಾಕವ್ವ? ಏಳನೇ ಕ್ಲಾಸು ಓದಿದೋಳು."
"ಕೇಳ್ದೋರಿಗೆಲ್ಲ ಹೂಂ ಅನ್ನೋರು ನಂಗೆ ಬೇಡ ಅಕ್ಕ. ನಿಮ್ದು ಬಾಯಿ ಜೋರು."

ದೇಚಮ್ಮ... ಎಲ್ಲಿಗೆ ಹೋದೆ?
ನಿನ್ನನ್ನಿನ್ನೂ ಮನೆಯಿಂದ ಎತ್ತಿಲ್ಲ. ಆಗಲೇ ಕ್ಲಿನಿಕ್ ನಡೆಸುವ ಆಫೀಸಿನ ಮ್ಯಾನೇಜರ್ ಫೋನ್ ಮಾಡಿದರು.
"ಲಲಿತಮ್ಮ, ಪಾಪ ಮೇಡಂ ಹೋಗ್ಬಿಟ್ರು. ಇನ್ನು ನಿಮ್ಮೊಬ್ರ ಸೈನ್ ಸಾಕಂತೆ. ಪಿಕ್ಕಿಂಗ್ ಮುಗಿಯೋ ತನಕ ನಾಲ್ಕು ಕಡೆಗೂ ಎಲ್ಲಾ ಓಪನ್ ಮಾಡಣ. ಕಾಯಿಲೆಯೋರ್ನ ಮೊದ್ಲೇ ಕೆಲಸಕ್ಕೆ ತಗೊಳ್ದೆ ಬಿಡಬಹುದಲ್ಲ."
ಕ್ಲಿನಿಕ್ಕಿಗೆ ಹೋದರೆ ಕಾಗದವೂ ಬಂದಿತ್ತು. ಸಂಜೆಯೊಳಗೆ ಉತ್ತರ ಬೇಕಂತೆ. ಇಲ್ಲದಿದ್ದರೆ ನನ್ನ ಜಾಗಕ್ಕೆ ಬೇರೆಯವರಂತೆ...
ನಾನೊಬ್ಬಳೇ ಎಷ್ಟು ದಿನ ತಡೆಯಲಿ, ಹೇಳು?
ನಾನು ಹೋದರೆ ಹೂಂ ಅನ್ನುವವರು ಬರುತ್ತಾರೆ.
ಮಾತು ಹೊರಗೆ ಹೋಗುವುದಿಲ್ಲ ಅಂತ ನಂಬಿ ಕೂಲಿಯವರ ಲೈನ್ ಮನೆಯ ಹೆಂಗಸರು ಡಾಕ್ಟರ ಮುಂದೆ ಬಾಯಿ ಬಿಟ್ಟರಲ್ಲ... ಅವರಿಗೆ ನಿನ್ನ ಮುಖವೂ ಗೊತ್ತಿಲ್ಲ.
ದೇವರೇ, ಇವಳನ್ನೇ ಯಾಕೆ ಕರೆದುಕೊಂಡೆ? ನಿನ್ನನ್ನು ಬೈಯಬಾರದು... ಬೈಯುತ್ತಿದ್ದೇನೆ.

ಹೋಗು ತಂಗಿ.
ಕಾವೇರಮ್ಮ ನಿನ್ನ ಜೀವವನ್ನು ಮಡಿಲಲ್ಲಿ ತಣ್ಣಗೆ ಇಟ್ಟುಕೊಳ್ಳಲಿ.

ನಾನು ವಿರಾಜಪೇಟೆ ಬಸ್ಸಿಗೆ ಹೊರಟೆ.
ಆಫೀಸಿನವರು ಇದನ್ನು ಓದುತ್ತಿದ್ದರೆ... ಕಾಗದದ ಮೇಲೆ "ಒಪ್ಪುವುದಿಲ್ಲ" ಅಂತ ಬರೆದು, ಸೈನ್ ಮಾಡಿ, ಕ್ಲಿನಿಕ್ಕಿನ ಮೇಜಿನ ಮೇಲೆ ಇಟ್ಟಿದ್ದೇನೆ.
ಯಾರನ್ನಾದರೂ ಕಳಿಸಿ ತರಿಸಿಕೊಳ್ಳಿ.